ಶಾಲೆಯ ಗೋಡೆಗಂಟಿದ ಮನೆ

ಶಾಲೆಯ ಗೋಡೆಗೆ ಅಂಟಿಕೊಂಡಿರುವ ಮನೆಯೇ ಬೇಕು ಎಂದು ಹಟ ಹಿಡಿದವಳು ನಾನು. ನನ್ನ ಗಂಡ ಗಂಗಾಧರ ಪರದೇಶದ ಈ ಊರಿನ ಔಷಧ ಕಂಪನಿಯೊಂದರಲ್ಲಿ ಮ್ಯಾನೇಜರ್. ಕಂಪನಿ ನಮಗೆ ಸ್ಪ್ರಿಂಗ್ ವ್ಯಾಲಿ ಎಂಬ ಸಿರಿವಂತರ ಬಡಾವಣೆಯಲ್ಲಿ ತೋಟವಿದ್ದ ಮನೆ ಕೊಟ್ಟಿತ್ತು. ಅದನ್ನು ಬಿಟ್ಟು ಲೊರೆಶೋ ಬಡಾವಣೆಯ ಈ ಎರಡು ಕೋಣೆಯ ಫ್ಲ್ಯಾಟಿಗೆ ಬಂದೆವು. ಕಾರಣ ಒಂದೇ, ಚೈತನ್ಯಾ. ಆಗ ಎಂಟನೆಯ ತರಗತಿಯಲ್ಲಿದ್ದ ನಮ್ಮ ಮಗಳು ಲೆಕ್ಕದಲ್ಲಿ ಮೇಷ್ಟ್ರುಗಳನ್ನೇ ತಬ್ಬಿಬ್ಬು ಮಾಡುತ್ತಿದ್ದಳು. ಈ ಸರ್ಕಾರಿ ಶಾಲೆ ಗಣಿತಕ್ಕೆ ಹೆಸರುವಾಸಿ, ಹನ್ನೆರಡರವರೆಗೂ ಇಲ್ಲೇ ಓದಬಹುದು ಎಂದು ಕೇಳಿದ್ದೇ ತಡ, ಐದು ವರ್ಷದ ಬಾಡಿಗೆ ಕರಾರಿಗೆ ಗಂಡನ ಸಹಿ ಹಾಕಿಸಿದೆ. ಮಧ್ಯೆ ಬಿಡುವಂತಿಲ್ಲ ಎಂಬ ಷರತ್ತನ್ನು ಖುಷಿಯಿಂದ ಒಪ್ಪಿದವಳೂ ನಾನೇ.

"ಎಲ್ರೂ ಪ್ರೈವೇಟ್ ಸ್ಕೂಲಿಗೆ ಹಾಕ್ತಾರೆ, ನೀವೇನ್ರೀ ಗೌರ್ಮೆಂಟ್ ಸ್ಕೂಲ್ ಹುಡುಕ್ಕೊಂಡು ಹೋಗ್ತೀರಾ?" ಎಂದು ಗೆಳತಿ ವಿಮಲಾ ಮೂಗು ಮುರಿದಳು. ದಾವಣಗೆರೆಯ ಸರ್ಕಾರಿ ಶಾಲೆಯಲ್ಲಿ ಓದಿಯೇ ನಾನು ಎಂಜಿನಿಯರ್ ಆದವಳು. ಗಂಡನ ವೀಸಾದ ಮೇಲೆ ಬಂದವಳಿಗೆ ಇಲ್ಲಿ ಕೆಲಸ ಮಾಡುವಂತಿಲ್ಲ. ಹಾಗಾಗಿ ಮಗಳೇ ನನ್ನ ಕೆಲಸವಾಗಿದ್ದಳು.

ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಅವಳ ತರಗತಿ. ಮೂರನೆಯ ಬೆಂಚಿನಲ್ಲಿ ಅವಳ ಜಡೆ ಕಾಣುತ್ತಿತ್ತು. ಡಬ್ಬಿಯ ಚಪಾತಿ ಯಾರಿಗೆ ಕೊಟ್ಟಳು, ಕೊನೆಯ ಪೀರಿಯಡ್ಡಿನಲ್ಲಿ ಯಾರ ಜೊತೆ ಕಿಸಿಕಿಸಿ ನಕ್ಕಳು, ಎಲ್ಲವೂ ನನಗೆ ಗೊತ್ತು. ಸಂಜೆ ಬಂದ ಕೂಡಲೇ ವಿಚಾರಣೆ. ಅವಳು "ಓಕೆ ಅಮ್ಮ" ಎಂದಷ್ಟೇ ಹೇಳಿ ಪುಸ್ತಕ ಹಿಡಿಯುತ್ತಿದ್ದಳು. ಮಗಳೆಂದರೆ ಹೀಗಿರಬೇಕು ಎಂದು ನಾನು ಬೀಗುತ್ತಿದ್ದೆ.

ಒಂಬತ್ತರ ಪರೀಕ್ಷೆಯಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ಹತ್ತಕ್ಕೆ ಯಾವ ಶಾಲೆ ಎಂಬುದನ್ನು ಇಲ್ಲಿ ಸರ್ಕಾರ ಅಂಕ ಮತ್ತು ಮಕ್ಕಳ ಆಯ್ಕೆ ನೋಡಿ ಹೇಳುತ್ತದೆ. ಗೋಡೆಯ ಪಕ್ಕದವರಿಗೆ ಸೀಟು ಕೊಡದೆ ಇರುತ್ತಾರೆಯೇ ಎಂದುಕೊಂಡು ನಾನು ಇದನ್ನು ವಿಚಾರಿಸಿಯೇ ಇರಲಿಲ್ಲ. ಡಿಸೆಂಬರಿನಲ್ಲಿ ಮೊಬೈಲಿಗೆ ಬಂದದ್ದು ಐದು ಗಂಟೆ ಪ್ರಯಾಣದಾಚೆಯ ಹಾಸ್ಟೆಲ್ ಶಾಲೆಯ ಹೆಸರು.

ಪಕ್ಕದ ಶಾಲೆಗೆ ಓಡಿದೆ. ಸೀಟಿದೆ, ಶುಕ್ರವಾರದೊಳಗೆ ಬದಲಾವಣೆಗೆ ಅರ್ಜಿ ಕಳಿಸಿ, ನಾನು ಸೇರಿಸಿಕೊಳ್ಳುತ್ತೇನೆ ಎಂದರು ಮುಖ್ಯೋಪಾಧ್ಯಾಯಿನಿ. ಇಲ್ಲಿಯವರ ಭಾಷೆಯಲ್ಲೇ ನಾಲ್ಕು ಸಲ "ಅಸಾಂಟೆ" ಎಂದು ಧನ್ಯವಾದ ಹೇಳಿ ಮನೆಗೆ ಬಂದು ಮೊಬೈಲಿನಲ್ಲೇ ಅರ್ಜಿ ತುಂಬಿದೆ. ಕಳಿಸುವುದೊಂದೇ ಬಾಕಿ.

"ಆಯ್ತು ಬಿಡಿ, ಇವಳು ಎಲ್ಲೂ ಹೋಗಲ್ಲ," ಎಂದೆ.

ಗಂಗಾಧರ ಕಾಫಿ ಲೋಟವನ್ನೇ ನೋಡುತ್ತಿದ್ದ. "ಗಿರಿಜಾ, ಆ ಸ್ಕೂಲನ್ನ ಫಸ್ಟ್ ಚಾಯ್ಸ್ ಅಂತ ಬರ್ದಿದ್ದು ಇವಳೇ. ಸೈನ್ ಮಾಡಿದ್ದು ನಾನು."

ನಾನು ಮಗಳ ಕಡೆ ತಿರುಗಿದೆ. "ನಿನಗೋಸ್ಕರ ಈ ಗೂಡಿಗೆ ಬಂದು ಬಿದ್ದಿದೀನಿ ಕಣೇ! ಇಲ್ಲೇನು ಕಡಿಮೆ ಆಗಿತ್ತು ನಿಂಗೆ?"

ಚೈತನ್ಯಾ ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಕೈ ಮಾತ್ರ ಅಡುಗೆಮನೆಯತ್ತ ತೋರಿಸುತ್ತಿತ್ತು. "ದಟ್ ವಿಂಡೋ, ಅಮ್ಮ. ಮೈ ಹೋಲ್ ಕ್ಲಾಸ್ ಕಾಲ್ಸ್ ಇಟ್ ಸಿಸಿಟಿವಿ. ಈವನ್ ದ ಟೀಚರ್ಸ್." ನನ್ನ ಕೈಯಲ್ಲಿದ್ದ ಮೊಬೈಲನ್ನು ಹಿಡಿದುಕೊಂಡಳು. "ಪ್ಲೀಸ್ ಡೋಂಟ್ ಸೆಂಡ್ ಇಟ್. ಐ ಕಾಂಟ್ ಬ್ರೀದ್ ಹಿಯರ್."

ಶುಕ್ರವಾರದವರೆಗೆ ಎಷ್ಟು ಸಲ ಮೊಬೈಲ್ ಕೈಗೆತ್ತಿಕೊಂಡೆನೋ ಲೆಕ್ಕವಿಲ್ಲ. ಒಂದು ಬೆರಳು ಒತ್ತಿದ್ದರೆ ಸಾಕಿತ್ತು. ಸಂಜೆ ಐದಕ್ಕೆ ಗಡುವು ಮುಗಿಯಿತು, ಅರ್ಜಿ ನನ್ನ ಹತ್ತಿರವೇ ಉಳಿಯಿತು. ದೊಡ್ಡ ಮನಸ್ಸೇನಲ್ಲ ನನ್ನದು. ಇಷ್ಟು ದಿನ ಆ ಮಗು ತಲೆ ಬಗ್ಗಿಸಿ ಓದಿದ್ದು ನನ್ನಿಂದ ತಪ್ಪಿಸಿಕೊಳ್ಳುವುದಕ್ಕೆ ಎಂದು ಗೊತ್ತಾದ ಮೇಲೆ ಬೆರಳು ಏಳಲಿಲ್ಲ, ಅಷ್ಟೇ.

ಜನವರಿಯಲ್ಲಿ ತಗಡಿನ ಟ್ರಂಕು, ಕಂಬಳಿ, ಬಕೆಟ್ಟಿನ ಜೊತೆ ಬಸ್ಸು ಹತ್ತಿದಳು. ಎರಡು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಮನೆ ಖಾಲಿ ಮಾಡೋಣವೆಂದರೆ ಕರಾರು ಕರಾರೇ ಎಂದ ಮಾಲೀಕ. ಇನ್ನೂ ಮೂರು ವರ್ಷ ಬಾಕಿ. ಸ್ಪ್ರಿಂಗ್ ವ್ಯಾಲಿಯ ಮನೆಯಲ್ಲಿ ಈಗ ಬೇರೆ ಮ್ಯಾನೇಜರ್ ಲಕ್ಷ್ಮೀಕಾಂತನ ಸಂಸಾರವಿದೆ.

ದಿನವೂ ಶಾಲೆಯ ಬೆಲ್ ಹೊಡೆಯುತ್ತದೆ. ಕಾಲು ತಾನಾಗಿಯೇ ಕಿಟಕಿಯ ಹತ್ತಿರ ಹೋಗುತ್ತದೆ. ಮೂರನೆಯ ಬೆಂಚಿನಲ್ಲಿ ಈಗ ಇನ್ಯಾರೋ ಹುಡುಗಿ ಕೂರುತ್ತಾಳೆ. ಮೊನ್ನೆ ಅವಳು ಊಟದ ಡಬ್ಬಿ ತೆರೆಯುವ ಮೊದಲು ತಲೆಯೆತ್ತಿ ನನ್ನ ಕಿಟಕಿಯ ಕಡೆ ನೋಡಿದಳು. ನೋಡಿ, ಬೆನ್ನು ತಿರುಗಿಸಿ ಕೂತಳು.