ಮೈಕಿಲ್ಲದ ದನಿ

ಅನಂತರಾಜು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಎರಡೂ ಕೈಯಿಂದ ಬಸವಪ್ರಭುವಿನ ಕಡೆಗೆ ಸರಿಸುತ್ತಿದ್ದಾಗಲೇ ಗಂಗಾಂಬಿಕೆಯ ಕಣ್ಣು ಅದರ ಮೇಲೆ ಬಿತ್ತು. ವೀಳ್ಯದೆಲೆ, ಅಡಿಕೆ, ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿ, ಒಂದು ಮೊಳ ಸೇವಂತಿಗೆ. ಸೇವಂತಿಗೆಗೆ ಒರಗಿಸಿದಂತೆ ಒಂದು ಹೊಸ ಸಿಗರೇಟು ಪ್ಯಾಕು. ಪ್ಯಾಕಿನ ಮೇಲೆ ಅಚ್ಚಾಗಿದ್ದ ಕೊಳೆತ ಗಂಟಲಿನ ಚಿತ್ರ, ಪೂಜೆಗಿಟ್ಟ ಪಟದ ಹಾಗೆ, ಕೂತವರ ಮುಖಕ್ಕೇ ಎದುರಾಗಿತ್ತು.

ಕಾಫಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದವಳು ಅಲ್ಲೇ ನಿಂತಳು.

“ಇದೇನಪ್ಪ ಅನಂತರಾಜು?”

“ಏನಕ್ಕ?” ಎಂದ ಅವನು. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ, ಅಲ್ಲಿನ ಕಬಡ್ಡಿ ಸಂಘಕ್ಕೆ ಕಾರ್ಯದರ್ಶಿ, ಯಾರ ಕಷ್ಟಕ್ಕಾದರೂ ಮೊದಲು ಓಡಿ ಬರುವವನು. ಅವಳು ನೋಡುತ್ತಿದ್ದ ಕಡೆ ನೋಡಿ ಅವನ ಮುಖ ಕಪ್ಪಿಟ್ಟಿತು. “ಅಯ್ಯೋ, ನಾನು ಹೇಳಿರ್ಲಿಲ್ಲ ಅಕ್ಕ. ಪ್ರಭು ಸಾರ್ ತಟ್ಟೆ ರೆಡಿ ಮಾಡು ಅಂದೆ ಅಂಗಡಿಯವನಿಗೆ. ಯಾವಾಗ್ಲೂ ಮಾಡೋ ಹಾಗೆ ಮಾಡವ್ನೆ.”

“ಗುಬ್ಬಿಯಿಂದ ತುಮಕೂರಿನ ತನಕ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದ್ಯಲ್ಲ. ಕಣ್ಣಿಗೆ ಬೀಳ್ಲಿಲ್ವಾ?”

“ಕಾರಲ್ಲಿ ಬಂದ್ವಿ ತಾಯಿ,” ಎಂದ ಜೊತೆಗೆ ಬಂದಿದ್ದ ಹಳೆಯ ಆಟಗಾರ ದ್ಯಾವಪ್ಪ, ಅದರಿಂದ ಏನೋ ಸರಿಹೋಗುತ್ತದೆ ಎಂಬಂತೆ.

“ಬಿಡೇ ಗಂಗಾ,” ಎಂದ ಗಂಡ ಬಸವಪ್ರಭು. ಒರಟು ಗಾರೆಯ ಮೇಲೆ ಪೊರಕೆ ಎಳೆದ ಹಾಗಿತ್ತು ದನಿ. “ಪ್ರೀತಿಯಿಂದ ತಂದವ್ರೆ.”

ಪ್ರೀತಿ ಎಂಬ ಮಾತು ಕೇಳಿ ಅವಳ ಮೈ ಉರಿಯಿತು.

ಶುರುವಾದದ್ದೂ ಪ್ರೀತಿಯಿಂದಲೇ. ಬಸವಪ್ರಭು ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಾಗ ಮೊದಲ ಸಲ ಕಬಡ್ಡಿಗೆ ಮೈಕ್ ಹಿಡಿದ. ಆಟದ ವಿವರಣೆ ಹೇಳುವವನ ಮುಂದೆ ತಾಂಬೂಲದ ತಟ್ಟೆ ಇಡುವುದು ಮರ್ಯಾದೆ. ಇವನೋ ಎಲೆ ಹಾಕುವವನಲ್ಲ. ಬಾಯಲ್ಲಿ ಎಲೆಯಿದ್ದರೆ ಮಾತು ತೊದಲುತ್ತದೆ. ಇಟ್ಟ ತಟ್ಟೆ ಮುಟ್ಟದೆ ಉಳಿದರೆ ಊರಿಗೆ ಅವಮಾನ ಎಂದು ಯಾರೋ ಒಂದು ಪ್ಯಾಕು ಸಿಗರೇಟು ತಂದು ಎಲೆಯ ಪಕ್ಕ ಇಟ್ಟರು. ಮರುವರ್ಷಕ್ಕೆ ಅದು ಪದ್ಧತಿಯಾಯಿತು. ಕುಣಿಗಲ್ಲಿನಿಂದ ಹೆಬ್ಬೂರಿಗೆ ಹೋಯಿತು, ಹೆಬ್ಬೂರಿನಿಂದ ಗುಬ್ಬಿಗೆ, ಕೋರಕ್ಕೆ. ಅವನ ಬಾಯಿಗೆ ಕಡ್ಡಿ ಗೀರಲು ಹುಡುಗರಲ್ಲಿ ಪೈಪೋಟಿ ನಡೆಯುತ್ತಿತ್ತು. ಬೇಡ ಎನ್ನುವುದು ಇವನಿಗೂ ಬರಲಿಲ್ಲ. ಏಲಕ್ಕಿ ಅಗಿದು ಮನೆಗೆ ಬಂದು, ಸೋಪು ಹಾಕಿ ಕೈ ಉಜ್ಜಿ, ಲಿಂಗಪೂಜೆಗೆ ಕೂರುತ್ತಿದ್ದ. ಆ ಏಲಕ್ಕಿಯ ವಾಸನೆಯಿಂದಾಗಿ ಅವಳಿಗೆ ಈಗ ಪಾಯಸವೂ ಸೇರದು.

ಅವನ ವಿವರಣೆಗೆ ಒಂದು ನೇಮವಿತ್ತು. ದಾಳಿಗೆ ಹೋದ ಆಟಗಾರ ಉಸಿರು ಬಿಡದೆ ಕಬಡ್ಡಿ ಎನ್ನುವಷ್ಟು ಹೊತ್ತೂ ಇವನೂ ಉಸಿರೆಳೆಯದೆ ಮಾತಾಡಬೇಕು. ಗೆರೆ ದಾಟಿ ಹೋದವನು ಗೆರೆ ಮುಟ್ಟಿ ಬರುವ ತನಕ ಒಂದೇ ಉಸಿರಿನ ಪದ್ಯ. ಮೈದಾನದ ಜನ ಆಟ ಬಿಟ್ಟು ಮೈಕಿನ ಕಡೆ ನೋಡುತ್ತಿದ್ದರು. ಗಂಗಾಂಬಿಕೆ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವಳಪ್ಪ ಮಹಾಲಿಂಗಯ್ಯ ಮಠದಲ್ಲಿ ವಚನ, ಷಟ್ಪದಿ ವಾಚಿಸುತ್ತಿದ್ದವರು. ಕಂಬದ ಮರೆಯಲ್ಲಿ ಕೂತು, ಅಪ್ಪ ಯಾವ ಪದಕ್ಕೆ ಉಸಿರು ತಡೆಯುತ್ತಾರೆ, ಎಲ್ಲಿ ಇಳಿಸುತ್ತಾರೆ ಎಂದು ಕೇಳುತ್ತಲೇ ಬೆಳೆದ ಕಿವಿ ಅದು. ಹೆಣ್ಣು ನೋಡಲು ಬಂದ ದಿನ ಇವನ ಮುಖಕ್ಕಿಂತ ಮೊದಲು ಅವಳು ಒಪ್ಪಿದ್ದು ಪಡಸಾಲೆಯಿಂದ ಕೇಳಿದ ದನಿಯನ್ನು.

ಅದಕ್ಕೇ ಕೆಟ್ಟದ್ದು ಮೊದಲು ಗೊತ್ತಾದದ್ದೂ ಅವಳಿಗೆ. ಎರಡು ವರ್ಷದ ಹಿಂದಿನ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಅವನು ಹಾಲಿನವನನ್ನು ಕರೆದಾಗ ದನಿಯ ಅಂಚು ಹರಿದ ಹಾಗೆ ಕೇಳಿಸಿತು. ಡಾಕ್ಟರಿಗೆ ತೋರಿಸಿ ಎಂದಳು. ಮೈದಾನದ ಧೂಳು ಎಂದ. ಆ ವರ್ಷ ಕುಣಿಗಲ್ಲಿನವರು, “ಸಾ, ದನಿಗೆ ಈಗ ಏನ್ ಗತ್ತು ಬಂದೈತೆ,” ಎಂದು ಶಾಲು ಹೊದಿಸಿದರು. ಹುಡುಗರು ಆ ಒಡಕನ್ನು ಫೋನಿನ ರಿಂಗ್‌ಟೋನ್ ಮಾಡಿಕೊಂಡರು. ಗಂಟಲೊಳಗೆ ಹುಣ್ಣು ಬೆಳೆಯುತ್ತಿತ್ತು, ಹೊರಗೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಈಗ ಬೆಂಗಳೂರಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕತ್ತಿನಲ್ಲಿ ಉಸಿರಿಗೆ ತೂತು ಮಾಡಬೇಕು, ತೆಗೆದರೆ ಜೀವ ಉಳಿಯುತ್ತದೆ, ತಡ ಮಾಡಿದರೆ ಭರವಸೆ ಕೊಡುವುದಿಲ್ಲ ಎಂದಿದ್ದರು. ಬರುವ ಸೋಮವಾರ ಆಪರೇಷನ್.

“ಅಕ್ಕ, ಬೈಯೋದು ಬೈದುಬಿಡಿ, ಆದ್ರೆ ಬಂದ ವಿಷಯ ಕೇಳಿ,” ಎಂದ ಅನಂತರಾಜು. “ಶಿವರಾತ್ರಿ ಆದ ಮೇಲಿನ ಭಾನುವಾರ ನಮ್ಮ ಟೂರ್ನಮೆಂಟು. ಫೈನಲ್ ಒಂದಕ್ಕೆ ಸಾರ್ ಮೈಕ್ ಹಿಡೀಲಿ. ಆಪರೇಷನ್ ಅಷ್ಟು ದಿನ ಮುಂದಕ್ಕೆ ಹಾಕಿಸ್ಕೊಳ್ಳಿ. ಅವತ್ತೇ ಊರೋರೆಲ್ಲ ಸೇರಿ ಸನ್ಮಾನ ಮಾಡಿ, ನಾವೇ ಬೆಂಗಳೂರಿಗೆ ಕರ್ಕೊಂಡ್ಹೋಗ್ತೀವಿ.”

“ಸನ್ಮಾನ,” ಎಂದಳು ಗಂಗಾಂಬಿಕೆ.

“ನಮ್ಮ ಹೆಸ್ರು ನಮ್ಮೂರಿಗೆ ಗೊತ್ತಾಗಿದ್ದೇ ಇವ್ರ ಬಾಯಿಂದ ತಾಯಿ,” ಎಂದ ದ್ಯಾವಪ್ಪ. “ನಾನು ಔಟಾದ್ರೂ ರಾಜ ಸೋತಂಗೆ ಹೇಳೋರು. ಇನ್ನೊಂದ್ಸಲ ಕೇಳ್ಬೇಕು ಅಂತ ಆಸೆ.”

ಅವಳು ಗಂಡನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿ ಪಂಚೆಯ ಅಂಚು ಮಡಚುತ್ತಿದ್ದ. ಆ ಮಡಚುವಿಕೆಯಲ್ಲೇ ಗೊತ್ತಾಯಿತು, ಇವರು ಫೋನಿನಲ್ಲಿ ಆಗಲೇ ಕೇಳಿದ್ದಾರೆ, ಇವನು ಆಗಲೇ ಹೂಂ ಎಂದಿದ್ದಾನೆ.

“ಒಪ್ಕೊಂಡಾಯ್ತಾ?”

“ಒಂದೇ ಸಲ ಗಂಗಾ. ಆಮೇಲೆ ಇರೋದು ಮೌನವೇ ಅಲ್ವಾ.”

“ಡಾಕ್ಟ್ರು ಏನಂದ್ರು ಅಂತ ಇವ್ರಿಗೆ ಹೇಳಿದ್ರಾ?”

“ಡಾಕ್ಟ್ರು ಹಾಗೇ ಹೆದರಿಸ್ತಾರೆ ಅಕ್ಕ,” ಎಂದ ಅನಂತರಾಜು.

“ಹೆದರ್ಸೋಕೆ ಡಾಕ್ಟ್ರು ಬೇಕಾ? ನೀನು ತಂದಿರೋ ಪ್ಯಾಕಿನ ಮೇಲೇ ಬರ್ದವ್ರೆ. ಚಿತ್ರ ಬೇರೆ ಹಾಕವ್ರೆ, ಓದೋಕೆ ಬರ್ದೇ ಇರೋರಿಗೂ ತಿಳೀಲಿ ಅಂತ.” ಅವಳು ಗಂಡನ ಕಡೆಯೇ ನೋಡುತ್ತ ಹೇಳಿದಳು, “ನಾನು ಮದುವೆಯಾಗಿ ಬಂದಾಗಿಂದ ಬೇಡ ಅಂದೆ. ನನ್ನೊಬ್ಬಳ ಮಾತು ನಿಮಗೆ ದಕ್ಕಲಿಲ್ಲ. ಊರೂರಿನವರ ಹೊಗೆ ದಕ್ಕಿತು.”

ಅವಳ ಕೈಯಲ್ಲೇ ಕಾಫಿ ಆರುತ್ತಿತ್ತು.

ಬೈಯಲು ಇನ್ನೂ ಬಹಳವಿತ್ತು. ಆದರೆ ಅವಳ ಕೋಪದ ಅಡಿಯಲ್ಲಿ ಇನ್ನೊಂದು ಇತ್ತು. ಅದನ್ನು ಈ ಗಂಡಸರ ಮುಂದೆ ಹೇಳುವಂತಿರಲಿಲ್ಲ. ಸೋಮವಾರ ಆ ದನಿ ಹೋಗುತ್ತದೆ ಎಂದು ನೆನೆದಾಗಲೆಲ್ಲ ಅವಳೂ ದೇವರ ಮನೆಯಲ್ಲಿ ದೀಪ ಹಚ್ಚುವುದನ್ನು ಮರೆತು ಕೂರುತ್ತಿದ್ದಳು. ಇನ್ನೊಂದು ಸಲ ಎಂಬ ಆಸೆ ಇವರಿಗಿಂತ ಮೊದಲು ಅವಳದ್ದು.

ಕಾಫಿಯನ್ನು ಕೆಳಗಿಟ್ಟು ಗೋಡೆಗೊರಗಿ ನಿಂತಳು.

“ಹಾಗಾದ್ರೆ ಇಲ್ಲೇ ಹೇಳಿ. ಒಂದೇ ಒಂದು ದಾಳಿ. ದ್ಯಾವಪ್ಪನವ್ರು ಗೆರೆ ದಾಟಿ ಹೋದ್ರು ಅಂತ ಇಟ್ಕೊಳ್ಳಿ. ಅವ್ರು ವಾಪಸ್ ಬರೋ ತನಕ ಹೇಳಿಬಿಟ್ರೆ ನಾನೇ ಆಸ್ಪತ್ರೆಗೆ ಫೋನ್ ಮಾಡಿ ಮುಂದಕ್ಕೆ ಹಾಕಿಸ್ತೀನಿ.”

“ಇಲ್ಲಿ ಮೈಕ್ ಇಲ್ವಲ್ಲ ಅಕ್ಕ,” ಎಂದ ಅನಂತರಾಜು.

“ಬೇಕಾ?”

ಬಸವಪ್ರಭು ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ನಕ್ಕ, ಪಂದ್ಯದ ಸೀಟಿಗೆ ಮುಂಚೆ ನಗುತ್ತಿದ್ದ ಹಾಗೆ. ಎದ್ದು ನಿಂತು, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಎದೆ ತುಂಬ ಉಸಿರೆಳೆದುಕೊಂಡ. ಗಂಗಾಂಬಿಕೆ ಕಣ್ಣು ಮುಚ್ಚಿದಳು.

“ಬಂದ ನೋಡಿ ಬಂದ, ಗೆರೆಯ ದಾಟಿ ಬಂದ. ಏಳು ಮಂದಿಯ ಕೋಟೆಯೊಳಗೆ ಒಂಟಿಯಾಗಿ ನಿಂದ. ಎಡಕೆ ತೋರಿದ, ಬಲಕೆ ಜಾರಿದ, ಮೂಲೆಯವನ…”

ದನಿ ನಿಂತಿತು. ಅವಳು ಕಣ್ಣು ತೆರೆದಾಗ ತುಟಿ ಮಾತ್ರ ಮುಂದೆ ಹೋಗುತ್ತಿತ್ತು. ಮೂಲೆಯವನ ಎಂಬಲ್ಲಿಂದ ಅವನು ಮತ್ತೆ ಹಿಡಿದ. ಈ ಸಲ ಬರೀ ಗಾಳಿ ಬಂತು, ಪಂಕ್ಚರಾದ ಟ್ಯೂಬಿನಿಂದ ಬರುವಂಥದ್ದು. ಕೆಮ್ಮು ಹತ್ತಿತು. ಟೀಪಾಯಿ ಹಿಡಿದು ಬಾಗಿದ. ಕೆಮ್ಮು ನಿಂತ ಮೇಲೆ ಬಾಯಿ ಒರೆಸಿಕೊಂಡ ಟವೆಲನ್ನು ಅವನು ಬೇಗ ಮಡಚಿದ್ದನ್ನು ಮೂವರೂ ಕಂಡರು. ಮಡಿಕೆಯ ಹೊರಗೂ ಕೆಂಪು ಕಾಣುತ್ತಿತ್ತು.

ಹೋದ ವರ್ಷವೆಲ್ಲ ತೆಂಗಿನ ಮರಗಳಿಗೆ ಕಟ್ಟಿದ್ದ ಮೈಕಿನ ಹಾರನ್‌ಗಳು ಈ ದನಿಗೆ ಮೈ ತುಂಬಿಸಿ ಮೈದಾನಕ್ಕೆ ಕೊಡುತ್ತಿದ್ದವು. ಅದರ ನಿಜವಾದ ಅಳತೆಯನ್ನು ಗುಬ್ಬಿಯವರು ಇವತ್ತೇ ಕೇಳಿದ್ದು.

“ದ್ಯಾವಪ್ಪನವ್ರು ಅರ್ಧದಲ್ಲೇ ನಿಂತವ್ರೆ,” ಎಂದಳು ಗಂಗಾಂಬಿಕೆ. ಅವಳ ದನಿಯೂ ಒಡೆದಿತ್ತು. “ಇದಕ್ಕೆ ಎಷ್ಟು ಮೈಕ್ ಕಟ್ಟಿಸ್ತೀಯಪ್ಪ?”

ಅನಂತರಾಜು ಎದ್ದ. ಬಸವಪ್ರಭುವಿನ ಪಾದ ಮುಟ್ಟಿ, “ಸೋಮವಾರ ನಾನೂ ಬರ್ತೀನಿ ಸಾರ್,” ಎಂದಷ್ಟೇ ಹೇಳಿದ. ಹೋಗುವಾಗ ತಟ್ಟೆಯಿಂದ ಪ್ಯಾಕನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡ.

ಗೇಟಿನ ಹತ್ತಿರ ಕಡ್ಡಿ ಗೀರಿದ ಸದ್ದಾಯಿತು. ಕಿಟಕಿಯಿಂದ ನೋಡಿದರೆ, ಇಬ್ಬರೂ ಕಾರಿಗೆ ಒರಗಿ ನಿಂತಿದ್ದಾರೆ, ದ್ಯಾವಪ್ಪ ಕಣ್ಣೊರೆಸಿಕೊಳ್ಳುತ್ತಿದ್ದಾನೆ, ಇಬ್ಬರ ಬಾಯಲ್ಲೂ ಹೊಗೆ. ಗಂಗಾಂಬಿಕೆ ಚಪ್ಪಲಿ ಮೆಟ್ಟದೆ ಹೊರಗೆ ಹೋದಳು.

“ಅಲ್ಲ ಕಣಪ್ಪ, ಒಳಗೆ ನೋಡಿದ್ದೇನು ನೀವು?”

“ಸಂಕಟ ತಡೀಲಿಲ್ಲ ಅಕ್ಕ,” ಎಂದ ಅನಂತರಾಜು.

“ಗೆದ್ರೂ ಅದೇ, ಸೋತ್ರೂ ಅದೇ, ಸಂಕಟಕ್ಕೂ ಅದೇನಾ? ನಾಳೆ ನಿಮ್ಮನೇಲಿ ಭದ್ರಮ್ಮ ಹೀಗೇ ಕಿಟಕೀಲಿ ನಿಂತ್ಕೋಬೇಕಾ?”

ಹೆಂಡತಿಯ ಹೆಸರು ಬಂದಾಗ ಅವನು ಸಿಗರೇಟನ್ನು ನೆಲಕ್ಕೆ ಹಾಕಿ ಹೊಸಕಿದ. ದ್ಯಾವಪ್ಪ ತನ್ನದರ ಕಿಡಿಯನ್ನು ಉಗುರಿನಿಂದ ಚಿವುಟಿ, ಉಳಿದದ್ದನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಕೈ ಮುಗಿದ. ಆ ತುಂಡು ಗುಬ್ಬಿ ದಾರಿಯ ಹೆಗ್ಗೆರೆ ದಾಟುವ ಮೊದಲೇ ಮತ್ತೆ ಹೊತ್ತುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಾರು ತಿರುವಿನಲ್ಲಿ ಮರೆಯಾಯಿತು.

ಒಳಗೆ ಬಂದಾಗ ಬಸವಪ್ರಭು ಇನ್ನೂ ನಿಂತೇ ಇದ್ದ.

“ಸೋಮವಾರ ಎಷ್ಟು ಹೊತ್ತಿಗೆ ಹೊರಡ್ಬೇಕು?” ಎಂದ.

“ಬೆಳಕು ಹರಿಯೋ ಮುಂಚೆ,” ಎಂದಳು.

ಭಾನುವಾರ ಮಧ್ಯಾಹ್ನ ಅವನು ಹಿತ್ತಲಿನ ಬಿಸಿಲಿನಲ್ಲಿ ಸ್ಟೂಲು ಹಾಕಿಕೊಂಡು ಕೂತ. ಕತ್ತಿನ ಕೂದಲು ಬೋಳಿಸಿಕೊಂಡು ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರು. ರೇಜರ್ ಒಂದು ಕಡೆ ಗೀರಿತು. ಗಂಗಾಂಬಿಕೆ ಬಂದು ರೇಜರ್ ಕಿತ್ತುಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಗಲ್ಲ ಹಿಡಿದು ಮುಖವನ್ನು ಆಕಾಶಕ್ಕೆ ಎತ್ತಿದಳು. ಮೆತ್ತಗೇನೂ ಎತ್ತಲಿಲ್ಲ. ಅವನು ಕಣ್ಣು ಮುಚ್ಚಿ, ಎತ್ತಿದಷ್ಟಕ್ಕೂ ಕತ್ತು ಕೊಟ್ಟ.

ನೊರೆಯ ಕೆಳಗೆ ಗಂಟಲ ಗೆಣ್ಣು ಏರಿ ಇಳಿಯುತ್ತಿತ್ತು. ಚರ್ಮ ಬಿಗಿಯಲೆಂದು ಅದರ ಪಕ್ಕ ಹೆಬ್ಬೆರಳು ಒತ್ತಿ, ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆದಳು. ಎಳೆಯುತ್ತಿದ್ದ ಹಾಗೇ ಬೆರಳಿನಡಿ ಅವನ ದನಿಯೇ ಎಂಬಂತೆ ಏನೋ ಜುಮ್ಮೆಂದಿತು. ಅವನು ಬಾಯಿ ತೆರೆದಿರಲಿಲ್ಲ, ಕಿವಿಗೆ ಏನೂ ಬೀಳಲಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿತು. ಅವಳು ರೇಜರನ್ನು ಮಗ್ಗಿನ ನೀರಿಗೆ ಬಿಟ್ಟು, ಹೆಬ್ಬೆರಳನ್ನು ಅಲ್ಲಿಂದ ತೆಗೆಯದೆ, ಉಸಿರು ಹಿಡಿದು ನಿಂತಳು.