ಬಾರದ ಹನ್ನೊಂದು ಮಂದಿ

ನಮ್ಮ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಎಲ್ಲೂ ಬರೆದಿಡದ ಒಂದು ನಿಯಮವಿತ್ತು. ಆಪರೇಷನ್ ಆಗಿ ಆರು ತಿಂಗಳಿಗೆ ತೋರಿಸಲು ಬಾರದ ರೋಗಿ ಗುಣವಾದವನು. ಕಿವಿ ಸೋರುತ್ತಿದ್ದರೆ ಬಂದೇ ಬರುತ್ತಿದ್ದನಲ್ಲ! ಇದನ್ನು ನನಗೆ ಕಲಿಸಿದವರು ನನ್ನ ಗುರುಗಳು. ಮೂವತ್ತು ವರ್ಷ ನನ್ನ ಶಿಷ್ಯರಿಗೆ ಕಲಿಸಿದವನು ನಾನು, ಡಾಕ್ಟರ್ ಬಿಂದುಮಾಧವ. ನಮ್ಮ ತಾತ ಅರಮನೆಯಲ್ಲಿ ಪಂಚಾಂಗ ಓದುತ್ತಿದ್ದರು. ಹೇಳಿದ ಫಲ ತಪ್ಪಿತೆಂದು ಯಾರೂ ಅಗ್ರಹಾರದ ನಮ್ಮ ಮನೆವರೆಗೆ ಬಂದು ದೂರಲಿಲ್ಲವಂತೆ. ಆ ಧೈರ್ಯ ವಂಶದಲ್ಲೇ ಇರಬೇಕು.

ಈ ವರ್ಷ ನಮ್ಮ ವೈದ್ಯರ ರಾಜ್ಯ ಸಮ್ಮೇಳನ ಮೈಸೂರಿನಲ್ಲೇ ನಡೆಯಿತು. ಅಲ್ಲಿ ಸರ್ಜರಿ ಕಲಿಯುತ್ತಿರುವ ಪಿಜಿ ವಿದ್ಯಾರ್ಥಿಗಳು ತಮ್ಮ ಸಂಶೋಧನೆ ಮಂಡಿಸುವ ಸ್ಪರ್ಧೆಯಿರುತ್ತದೆ. ಎಂಟು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ, ಗೆದ್ದವರಿಗೆ ಚಿನ್ನದ ಪದಕ. ನಮ್ಮ ವಿಭಾಗ ಅದರ ಮುಖವನ್ನೇ ಕಂಡಿರಲಿಲ್ಲ. ಈ ಸಲ ಲಿಡಿಯಾ ಇದ್ದಳು. ಕಡೇ ವರ್ಷದ ಹುಡುಗಿ, ಅವಳಿಗೆ ಇದೇ ಕೊನೆಯ ಅವಕಾಶ. ತೂತಾದ ಕಿವಿತಮಟೆಗೆ ಹೊಸ ಬಗೆಯಲ್ಲಿ ತೇಪೆ ಹಾಕಿದ ಅರವತ್ತು ಜನರ ಅಧ್ಯಯನ ಅವಳದು. ಆರು ತಿಂಗಳಿಗೆ ನಲವತ್ತೊಂಬತ್ತು ಮಂದಿ ಬಂದು ತೋರಿಸಿದ್ದರು, ಅವರಲ್ಲಿ ನಲವತ್ತಾರು ಜನರ ತೇಪೆ ಕೂಡಿಕೊಂಡಿತ್ತು. ಬಾರದ ಹನ್ನೊಂದು ಮಂದಿಯನ್ನೂ ನಮ್ಮ ನಿಯಮದಂತೆ ಸೇರಿಸಿಕೊಂಡರೆ ನೂರಕ್ಕೆ ತೊಂಬತ್ತೈದು. ಪದಕ ನೇತುಹಾಕಲು ಗೋಡೆಯ ಮೇಲೆ ಜಾಗವನ್ನೂ ನೋಡಿಟ್ಟಿದ್ದೆ.

ಸಮ್ಮೇಳನಕ್ಕೆ ಒಂದು ವಾರವಿರುವಾಗ ಲಿಡಿಯಾ ನನ್ನ ರೂಮಿಗೆ ಬಂದು ನಿಂತಳು.

"ಸಾರ್, ಆ ಹನ್ನೊಂದು ಜನಾನೂ ಹುಡುಕ್ಕೊಂಡು ಹೋಗ್ಬುಟ್ಟೆ."

ಮೂರು ಭಾನುವಾರ ಚರ್ಚ್ ಮುಗಿಸಿಕೊಂಡು, ಕಿವಿ ನೋಡುವ ಟಾರ್ಚನ್ನು ಬ್ಯಾಗಿಗೆ ಹಾಕಿಕೊಂಡು, ಸ್ಕೂಟರಿನಲ್ಲಿ ಊರೆಲ್ಲ ಸುತ್ತಿದ್ದಳಂತೆ.

"ಏಳು ಜನ ಚೆನ್ನಾಗಿದಾರೆ. ನಾಲ್ಕು ಜನರ ತೇಪೆ ಬಿಟ್ಟೋಗಿದೆ ಸಾರ್. ಎಂಬತ್ತೆಂಟಕ್ಕೆ ಇಳಿಯುತ್ತೆ."

ನನಗೆ ಪಿತ್ತ ನೆತ್ತಿಗೇರಿತು. "ನಿನ್ನ ಯಾರಮ್ಮ ಹೋಗು ಅಂದೋರು? ಬರದೇ ಇರೋರು ಚೆನ್ನಾಗಿದಾರೆ ಅಂತ ನಾವೆಲ್ಲ ಬರಕೊಂಡು ಬಂದಿಲ್ವ? ಮೊದ್ಲು ಪದಕ ತಗೋ, ಆಮೇಲೆ ಸತ್ಯ ಹೇಳುವಂತೆ."

"ಒಂದ್ಸಲ ನೀವೇ ಬಂದು ನೋಡಿ ಸಾರ್" ಎಂದಳು. ದನಿ ಏರಿಸಲಿಲ್ಲ, ಜಾಗ ಬಿಟ್ಟು ಕದಲಲೂ ಇಲ್ಲ.

ಅವಳ ಬಾಯಿ ಮುಚ್ಚಿಸೋಣವೆಂದೇ ಹೋದೆ. ಮಂಡಿ ಮೊಹಲ್ಲಾದ ಒಣಮೆಣಸಿನಕಾಯಿ ಅಂಗಡಿಯೊಂದರಲ್ಲಿ ಮೂಟೆ ಹೊರುವ ನಂಜಯ್ಯ ನನ್ನನ್ನು ಕಂಡವನೇ ಹೆಗಲ ಟವೆಲು ತೆಗೆದು ಕೈಮುಗಿದ. ನಾನು ಎರಡು ಸಲ ಸೀನಿ, ಟಾರ್ಚು ಹಿಡಿದು ಅವನ ಕಿವಿಯೊಳಗೆ ನೋಡಿದೆ. ತೂತು ನನ್ನನ್ನೇ ನೋಡುತ್ತಿತ್ತು.

"ಸೋರ್ತಾ ಇದ್ರೂ ಯಾಕಯ್ಯ ಬರಲಿಲ್ಲ?"

ಅವನು ನಾಚಿಕೊಂಡು ತಲೆ ತಗ್ಗಿಸಿದ. "ಎಂಗ್ ಬರ್ಲಿ ಸಾರ್? ನೀವು, ಈ ಡಾಕ್ಟ್ರಮ್ಮ, ಅಷ್ಟು ಕಷ್ಟಪಟ್ಟು ಮಾಡಿದ್ರಿ. ವಾರ್ಡಲ್ಲಿ ದಿನಾ ಬಂದು ಮಾತಾಡ್ಸೋರಿ. ಮತ್ತೆ ಬಂದು ಅಂಗೇ ಸೋರ್ತಾ ಅದೆ ಅಂದ್ರೆ ನಿಮ್ಗೆ ಬೇಜಾರಾಯ್ತದೆ ಅಂತ ಸುಮ್ನಾಗ್ಬುಟ್ಟೆ."

ಮೂವತ್ತು ವರ್ಷದಿಂದ ನಾನು ಗುಣವಾದವರೆಂದು ಬರೆದುಕೊಂಡವರಲ್ಲಿ ಎಷ್ಟು ಜನ ನನ್ನ ಮನಸ್ಸು ನೋಯಿಸಬಾರದೆಂದು ಮನೆಯಲ್ಲೇ ಕೂತಿದ್ದರೋ! ಸಿಟ್ಟೆಲ್ಲ ಇಳಿದು ಅವಮಾನವಾಯಿತು. ಅದರ ಜೊತೆಗೇ ಆ ಮನುಷ್ಯನ ಮೇಲೆ ತುಂಬಾ ಪ್ರೀತಿಯೂ ಬಂತು. ಹಿಂದಿರುಗುವಾಗ ಲಿಡಿಯಾಗೆ "ಎಂಬತ್ತೆಂಟೇ ಹಾಕಮ್ಮ" ಎಂದೆ.

ಸ್ಪರ್ಧೆಯ ದಿನ ನಾನು ಕಡೇ ಸಾಲಿನಲ್ಲಿ ಕುಳಿತೆ. ಲಿಡಿಯಾ ಎಂಟು ನಿಮಿಷದಲ್ಲಿ ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದಳು. ಹನ್ನೊಂದು ಜನರನ್ನು ಹುಡುಕಿಕೊಂಡು ಹೋದದ್ದನ್ನೂ ಬಿಡಲಿಲ್ಲ. ತೀರ್ಪುಗಾರರಲ್ಲಿ ಒಬ್ಬರಾದ ಡಾಕ್ಟರ್ ಅಂಬುಜಾ ನನ್ನ ಸಹಪಾಠಿ, ವಿದ್ಯಾರ್ಥಿ ದೆಸೆಯಿಂದಲೂ ಬಿಗಿ ಸ್ವಭಾವದವರು. ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ನಿಮ್ಮ ವಿಭಾಗದ್ದೇ ಆರು ವರ್ಷದ ಹಿಂದಿನ ಪೇಪರಿನಲ್ಲಿ ತೊಂಬತ್ತಾರು ಅಂತಿದೆಯಲ್ಲ. ಯಾವುದನ್ನ ನಂಬೋದು?"

ಆ ಪೇಪರು ನನ್ನದು. ಲಿಡಿಯಾ ಒಂದು ಕ್ಷಣ ನನ್ನತ್ತ ನೋಡಿ, "ಆಗಿನ ವಿಧಾನ ಬೇರೆ ಇತ್ತು ಮೇಡಂ" ಎಂದಳು. ಹಾಗೆಂದರೆ ಹಳೆಯ ವಿಧಾನವೇ ಮೇಲು ಎಂದಾಯಿತು. ನನ್ನ ಮಾನ ಉಳಿಸಲು ಆ ಹುಡುಗಿ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದಳು. ನಾನು ಎದ್ದು ನಿಂತೆ.

"ಈ ಹುಡುಗಿ ಹೇಳಿದ್ದನ್ನ ನಂಬಿ. ನಾನು ಬರದೇ ಇದ್ದೋರನ್ನೆಲ್ಲ ಗುಣವಾದೋರು ಅಂತ ಸೇರಿಸಿಬಿಟ್ಟಿದ್ದೆ."

ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಿರಿಯರು ಅಲ್ಲಿ ಬಹಳ ಮಂದಿ ಇದ್ದರು.

ಚಿನ್ನದ ಪದಕ ಬೇರೆ ಊರಿನ ಹುಡುಗನಿಗೆ ಹೋಯಿತು. ಅವನದು ತೊಂಬತ್ತೇಳು. ಲಿಡಿಯಾಗೆ ಎರಡನೇ ಬಹುಮಾನವೆಂದು ಒಂದು ಪ್ರಶಸ್ತಿ ಪತ್ರ ಸಿಕ್ಕಿತು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಅವಳ ಕಣ್ಣು ತುಂಬಿತ್ತು.

"ನಂಗೆ ಅದು ಬೇಕಿತ್ತು ಸಾರ್."

"ನಂಗೂ ಬೇಕಿತ್ತು ಕಣಮ್ಮ" ಎಂದೆ. ಇಬ್ಬರೂ ನಕ್ಕೆವು. ಪಾಯಸ ಚೆನ್ನಾಗಿತ್ತು, ಎರಡೆರಡು ಸಲ ಹಾಕಿಸಿಕೊಂಡೆವು. ಆಮೇಲೆ ಅವಳು ಮೆಲ್ಲಗೆ ಕೇಳಿದಳು, "ಸಾರ್, ನಿಮ್ಮ ಪೇಪರಲ್ಲಿ ಬರದೇ ಇದ್ದೋರು ಎಷ್ಟು ಜನ?"

ಗುರುವಿಗೇ ತಿರುಮಂತ್ರ ಎಂದರೆ ಇದೇ. "ಇಪ್ಪತ್ತಮೂರು" ಎಂದೆ.

ಸೋಮವಾರ ಓಪಿಡಿ ಮುಗಿದ ಮೇಲೆ ಹಳೆಯ ಫೈಲು ತೆಗೆಸಿ, ಲಿಡಿಯಾಳನ್ನು ಎದುರಿಗೆ ಕೂರಿಸಿಕೊಂಡೆ. ಮೊದಲ ಹೆಸರು ಚಿಕ್ಕಬಸವಯ್ಯ, ಆಪರೇಷನ್ ಬಲಗಿವಿಗೆ. ಫೋನಿನ ಸ್ಪೀಕರು ಹಾಕಿ ನಂಬರು ಒತ್ತಿದೆ. ಪುಣ್ಯಕ್ಕೆ ಅವರೇ ಎತ್ತಿಕೊಂಡರು. ಎರಡು ಸಲ ನನ್ನ ಹೆಸರು ಹೇಳಿ, ಕಿವಿ ಹೇಗಿದೆಯೆಂದು ಕೇಳಿದೆ.

"ಏನ್ ಸಾರ್, ನೀವೇ ಫೋನ್ ಮಾಡ್ಬುಟ್ರಲ್ಲ! ಕಿವಿಗೇನಾಗದೆ ಸಾರ್, ತುಂಬಾ ಚೆನ್ನಾಗದೆ. ನಿಮ್ ಕೈಗುಣ ಅಂದ್ರೆ ಸುಮ್ನೇನಾ?"

ನಾನು ಗೆದ್ದವನಂತೆ ಲಿಡಿಯಾಳ ಮುಖ ನೋಡಿದೆ. ಅವಳು ನಗುತ್ತ ಗುಣವಾದವರ ಲೆಕ್ಕಕ್ಕೆ ಒಂದು ಗೆರೆ ಎಳೆದುಕೊಂಡಳು.

"ಸಂತೋಷ. ಬಲಗಿವೀಲಿ ಚೆನ್ನಾಗಿ ಕೇಳಿಸ್ತಾ ಇದೆ ತಾನೇ?"

"ಏನಂದ್ರಿ?"

"ಬಲಗಿವಿ, ಬಲಗಿವಿ!"

"ಒಂದ್ನಿಮಿಷ ತಡೀರಿ ಸಾರ್" ಎಂದರು ಚಿಕ್ಕಬಸವಯ್ಯ. "ಫೋನು ಎಡಗಿವಿಗೆ ಇಟ್ಕೋತೀನಿ."

ಲಿಡಿಯಾ ಗೆರೆಯನ್ನು ಹೊಡೆದುಹಾಕಿದಳು. ನಾಳೆಯೇ ಬಂದು ತೋರಿಸುವಂತೆ ಅವರಿಂದ ಮಾತು ತೆಗೆದುಕೊಂಡು, ನಾನು ಎರಡನೆಯ ನಂಬರು ಒತ್ತಿದೆ.