ನಿಲ್ಲದ ಬಣ್ಣ

ಆ ಮನೆಯಲ್ಲಿ ಎರಡು ಒಲೆಗಳಿದ್ದವು. ಮುಂದಿನ ಚಪ್ಪರದಡಿಯದು ಬಣ್ಣದ ಒಲೆ. ಅಲ್ಲಿ ಬೇರು, ತೊಗಟೆ, ಎಲೆ, ಸಿಪ್ಪೆಗಳನ್ನು ಕುದಿಸಿ, ನೀರನ್ನು ಜೋಪಾನವಾಗಿ ಸೋಸಿಟ್ಟುಕೊಂಡು ಚರಟವನ್ನು ತಿಪ್ಪೆಗೆ ಎಸೆಯುತ್ತಿದ್ದರು. ಹಿಂದಿನದು ಅಡುಗೆ ಒಲೆ. ಅಲ್ಲಿ ತರಕಾರಿ ಬೇಯಿಸಿ, ನೀರನ್ನು ಬಚ್ಚಲಿಗೆ ಬಸಿದು ಚರಟವನ್ನು ತಟ್ಟೆಗೆ ಬಡಿಸುತ್ತಿದ್ದರು. ಒಂದೇ ಸೂರಿನಡಿ, ಇಪ್ಪತ್ತು ಹೆಜ್ಜೆ ಅಂತರದಲ್ಲಿ, ನಲವತ್ತು ವರ್ಷ ಹೀಗೇ ನಡೆದಿತ್ತು. ಯಾರಿಗೂ ಅದರಲ್ಲಿ ವಿಚಿತ್ರ ಕಂಡಿರಲಿಲ್ಲ, ಸೊಸೆಗೂ ಕಂಡಿರಲಿಲ್ಲ.

ಅವಳ ಮಾವ ಬಟ್ಟೆಗೆ ಬಣ್ಣ ಹಾಕುವವನು. ಬೀದಿಯವರ ಬಾಯಲ್ಲಿ ಬಣ್ಣದಜ್ಜ. ಮೂರು ವಾರ ಕಾಡಿದ ಜ್ವರ ಬಿಟ್ಟು ಹೋಗುವಾಗ ಅವನ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು. ಉಗುರಿನ ಬುಡದ ನೀಲಿ ಒಂದು ಬಿಟ್ಟರೆ ಮೈಯಲ್ಲಿ ಬಣ್ಣವೆಂಬುದೇ ಉಳಿದಿರಲಿಲ್ಲ. ಚಪ್ಪರದಡಿಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಸೊಸೆ ತಂದ ಬಿಳಿ ಗಂಜಿಯನ್ನು ಎರಡು ಚಮಚ ಕುಡಿದು ಬಟ್ಟಲು ಸರಿಸುತ್ತಿದ್ದ. ಅವಳ ಗಂಡ ಗದರಿದ, ಬೇಡಿಕೊಂಡ. ಕಲ್ಲಿನ ಮೇಲೆ ನೀರು ಹೊಯ್ದಂತಾಯಿತು.

ಮಂಗಳವಾರ ಆಸ್ಪತ್ರೆಯ ನರ್ಸಮ್ಮ ತೂಕದ ಯಂತ್ರ ಹೊತ್ತುಕೊಂಡು ಬಂದಳು. ನಲವತ್ತೈದು ಕಿಲೋ.

"ತಾತ, ಶುಕ್ರವಾರ ಮತ್ತೆ ಬರ್ತೀನಿ. ಇದಕ್ಕಿಂತ ಇಳಿದಿದ್ರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬೇಕು ಅಂದಿದಾರೆ ಡಾಕ್ಟರು. ಮೂಗು ಹಿಡಿದರೆ ಬಾಯಿ ಬಿಡ್ತಾರೆ ಅಂತ ಗಾದೆನೇ ಇದೆಯಲ್ಲ!"

"ನಳಿಕೆ ಹಾಕಿಸಿಕೊಳ್ಳೋಕೆ ನಾನೇನು ಬಣ್ಣದ ತೊಟ್ಟಿಯೇನಮ್ಮಾ?" ಎಂದ ಮುದುಕ. ತಮಾಷೆಗೆಂದು ಆಡಿದರೂ ದನಿ ನಡುಗಿತ್ತು. ಸೊಸೆಗೆ ಅದು ಕೇಳಿಸಿತು.

"ಹಂಗಾದ್ರೆ ತಿನ್ನಿ. ಗಂಜಿ, ಬೇಳೆ, ಜೊತೆಗೆ ದಿನಾ ಒಂದೊಂದು ಬಣ್ಣದ ತರಕಾರಿ, ಸೊಪ್ಪು, ಹಣ್ಣು. ಗಿಡಕ್ಕೆ ಬಿಸಿಲು ಸುಟ್ಟರೆ ಓಡೋಕೆ ಕಾಲಿಲ್ಲ, ಹುಳ ಕಚ್ಚಿದ್ರೆ ಹೊಡೆಯೋಕೆ ಕೈಯಿಲ್ಲ. ಅದಕ್ಕೇ ಅದು ತನ್ನೊಳಗೇ ಬಣ್ಣ, ಕಹಿ, ಒಗರು, ಘಾಟು ಎಲ್ಲಾ ಮಾಡಿಟ್ಟುಕೊಳ್ಳುತ್ತೆ. ಅದನ್ನ ತಿಂದರೆ ನಮಗೂ ಒಳ್ಳೇದು. ಔಷಧಿ ಅಂತಲ್ಲ. ದಿನದ ಊಟ ಅಷ್ಟೆ."

"ನಲವತ್ತು ವರ್ಷ ಗಿಡ ಹಿಂಡಿದವನಿಗೆ ಗಿಡದ ಪಾಠ ಹೇಳ್ತಾಳೆ ನೋಡು," ಎಂದು ಅಜ್ಜ ಮತ್ತೆ ಗೋಡೆಗೆ ತಿರುಗಿದ. "ಹೊಟ್ಟೆ ಬೇರೆ, ಬಟ್ಟೆ ಬೇರೆ."

ಮರುದಿನ ಬೆಳಿಗ್ಗೆ ಸೊಸೆ ಸಂತೆಯಿಂದ ನೇರಳೆ ಬಣ್ಣದ ಎಲೆಕೋಸು ತಂದಳು. ಅಂಥದ್ದನ್ನು ಅವಳು ಹಿಂದೆಂದೂ ಬೇಯಿಸಿದವಳಲ್ಲ. ಮಾವನ ಸಡಿಲ ಹಲ್ಲಿಗೆ ಮೆತ್ತಗಾಗಲಿ ಎಂದು, ಕಾಳಿಗೆ ಹಾಕುವಂತೆ ಇದಕ್ಕೂ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದಳು. ಕುದಿಯುತ್ತಿದ್ದ ನೇರಳೆ ನೀರು ಕಣ್ಣೆದುರೇ ನೀಲಿಯಾಯಿತು. ಸಾಲದೇನೋ ಎಂದು ಇನ್ನೊಂದು ಚಿಟಿಕೆ ಹಾಕಿದಳು. ನೀಲಿ ಹೋಗಿ ಪಾಚಿಗಟ್ಟಿದ ಕೆರೆಯ ಹಸಿರಾಯಿತು.

"ಅಯ್ಯೋ ದೇವರೇ, ವಿಷ!" ಎಂದು ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಬಚ್ಚಲಿಗೆ ಸುರಿಯಲೂ ಧೈರ್ಯವಾಗದೆ, ತಿಪ್ಪೆಗೆ ಎಸೆದುಬರೋಣವೆಂದು ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಚಪ್ಪರದಡಿ ಹಾದಳು.

"ನಿಲ್ಲು," ಎಂದ ಮಾವ.

ಮೂರು ವಾರದಲ್ಲಿ ಅವನು ಮೊದಲ ಬಾರಿಗೆ ತಾನಾಗಿ ತಲೆಯೆತ್ತಿದ್ದ.

"ಕೆಟ್ಟುಹೋಯ್ತು ಮಾವಾ. ನೇರಳೆ ಇದ್ದದ್ದು ಹಿಂಗಾಯ್ತು."

"ಏನು ಹಾಕಿದೆ?"

"ಸೋಡಾ."

"ನಿಂಬೆಹಣ್ಣು ತಾ. ಬಿಳಿ ಬಟ್ಟಲೂ ತಾ. ಓಡು, ತಾಯಿ!"

ಸೊಸೆ ಓಡಿದಳು. ಅಜ್ಜ ಮೊಣಕೈ ಊರಿ ಎದ್ದು ಕೂತ. ಹಸಿರು ನೀರನ್ನು ಬಟ್ಟಲಿಗೆ ಬಗ್ಗಿಸಿಕೊಂಡು ನಿಂಬೆ ಹಿಂಡಿದ. ನೊರೆ ಬುಸ್ಸೆಂದು ಎದ್ದಿತು. ನೊರೆ ಇಳಿಯುತ್ತಿದ್ದಂತೆ ಹಸಿರು ನೀಲಿಗೆ ಸರಿಯಿತು, ನೀಲಿ ನೇರಳೆಗೆ, ನೇರಳೆ ಮೆಲ್ಲನೆ ಮುಂಜಾವಿನ ಆಕಾಶದಂಥ ಗುಲಾಬಿಗೆ. ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಕೇಳಿ ನಿಂತಿತು.

"ನೋಡಿದೆಯಾ?" ಅಜ್ಜನ ದನಿ ಗುಡಿಯೊಳಗೆ ಮಾತಾಡಿದಂತಿತ್ತು. "ಒಂದೇ ಎಲೆ. ಒಳಗೆ ಇಷ್ಟೊಂದು ಬಣ್ಣ ಇಟ್ಟಿದಾನೆ ದೇವರು."

"ಇಷ್ಟು ವರ್ಷ ನಿಮಗೆ ಗೊತ್ತಿರಲಿಲ್ವಾ ಮಾವಾ?"

"ಇದರ ಹುಳಿ-ಸೋಡಾದ ಆಟ ಕೇಳಿದ್ದೆ. ಆದ್ರೆ ಇದು ಬಟ್ಟೆ ಮೇಲೆ ನಿಲ್ಲೋದಿಲ್ಲ. ಎರಡು ಸಲ ಒಗೆದ್ರೆ ಮಾಯ. ನಿಲ್ಲದ ಬಣ್ಣ ಬಣ್ಣವೇ ಅಲ್ಲ ಅಂತ ನಮ್ಮಪ್ಪ ಅಂತಿದ್ದ. ನಾನೂ ಕೈಗೆ ತಗೊಳ್ಳಲೇ ಇಲ್ಲ." ಬಟ್ಟಲನ್ನು ಬಿಸಿಲಿಗೆ ಹಿಡಿದ. "ಗಿಡ ಇದನ್ನ ಬಿಸಿಲು ತಡೆಯೋಕೆ ಮಾಡ್ಕೊಂಡಿದ್ದು ಅಂದಳಲ್ಲ ಆ ನರ್ಸು. ಬಟ್ಟೆಗೆ ಅಂತ ಯಾವ ಗಿಡವೂ ಬಣ್ಣ ಮಾಡಲಿಲ್ಲ ನೋಡು. ನಾನೇ ನನ್ನ ಕಸುಬಿಗೆ ಅಂದ್ಕೊಂಡೆ. ಮಹಾ ಅಹಂಕಾರ."

ಆಮೇಲೆ ಅವನ ಕಣ್ಣು ಪಾತ್ರೆಯ ಕಡೆ ಹೊರಳಿತು.

"ದಿನಾ ಈ ನೀರನ್ನ ಏನು ಮಾಡ್ತೀಯಾ?"

"ಬಚ್ಚಲಿಗೆ ಬಸಿತೀನಿ. ಅತ್ತೆ ಹಂಗೇ ಹೇಳ್ಕೊಟ್ಟಿದ್ದು."

ಅಜ್ಜ ನಗತೊಡಗಿದ. ಕೆಮ್ಮು ಬರುವವರೆಗೂ ನಕ್ಕ. "ಭೇಷ್! ಮುಂದಿನ ಒಲೇಲಿ ನಾನು ಎಲೆ ಎಸೆದೆ. ಹಿಂದಿನ ಒಲೇಲಿ ನೀವು ನೀರು ಎಸೆದ್ರಿ. ಬಣ್ಣಗಾರನ ಮನೆಯ ಬಚ್ಚಲು ನಮಗಿಂತ ಚೆನ್ನಾಗಿ ಉಂಡಿದೆ ಬಿಡು!"

ಸೊಸೆಗೆ ನಗುವೂ ಬಂತು, ಕಣ್ಣೀರೂ ಬಂತು. ಅವನ ನಗು ಕೇಳಿ ತಿಂಗಳಾಗಿತ್ತು.

"ಇನ್ನೊಂದು ಸಲ ಬೇಯಿಸು. ಸೋಡಾ ಬೇಡ. ನೀರು ಎಲೆ ನೆನೆಯುವಷ್ಟೇ. ಮುಚ್ಚಳ ಹಾಕಿ ಬೇಗ ಇಳಿಸು. ಉಳಿದ ನೀರು ಗಂಜಿಗೆ. ಹುಳಿ ನಾನು ಹಿಂಡ್ತೀನಿ, ನೀನು ಮುಟ್ಟಬೇಡ. ಕ್ಯಾರೆಟ್ ಇದೆಯಾ? ಅದು ನೀರಿಗೆ ಬಣ್ಣ ಬಿಡೋದಿಲ್ಲ, ಎಣ್ಣೆ ಕೇಳುತ್ತೆ. ಅರ್ಧ ಚಮಚ ಎಣ್ಣೇಲಿ ಬಾಡಿಸು."

"ಅಪ್ಪಣೆ, ಮೇಸ್ತ್ರಿಗಳೇ," ಎಂದಳು ಸೊಸೆ.

ಆ ಮಧ್ಯಾಹ್ನ ಬಿಳಿ ಗಂಜಿ ಗುಲಾಬಿಯಾಯಿತು. ಬೇಳೆಯ ಪಕ್ಕದಲ್ಲಿ ಕ್ಯಾರೆಟ್ಟಿನ ಕೇಸರಿ ಎಣ್ಣೆ ಹೊಳೆಯಿತು. ನಾಲಿಗೆಗೆ ರುಚಿ ಮರಳಿರಲಿಲ್ಲ; ಅಜ್ಜ ಕಣ್ಣಿನಿಂದ ಉಂಡ. ಒಂದೊಂದು ತುತ್ತನ್ನೂ ಎತ್ತಿ, ಬೆಳಕಿಗೆ ಹಿಡಿದು, ಮನಸ್ಸಿನಲ್ಲೇ ಏನೋ ಅಂದುಕೊಂಡು ಬಾಯಿಗಿಟ್ಟ. ಬಟ್ಟಲು ಬರಿದಾಗಲು ಒಂದು ಗಂಟೆ ಹಿಡಿಯಿತು. ಆದರೆ ಬರಿದಾಯಿತು. ಗುರುವಾರ ಬೀಟ್ರೂಟ್, ಜೊತೆಗೆ ಸೊಪ್ಪು. ರಾತ್ರಿಗೆ ಅವನೇ ಮತ್ತೊಂದು ಸೌಟು ಗಂಜಿ ಕೇಳಿದ.

ಶುಕ್ರವಾರವೂ ಬೀಟ್ರೂಟ್ ಗಂಜಿ ಉಂಡಿದ್ದ ಅಜ್ಜ, ನರ್ಸಮ್ಮ ಬಂದಾಗ ಮೊದಲು ನಾಲಿಗೆ ಚಾಚಿ ತೋರಿಸಿದ. ಕೆಂಪೆಂದರೆ ಕೆಂಪು.

"ಇದೇನು ತಾತ, ನಾಲಿಗೇನೂ ಬಣ್ಣಕ್ಕೆ ಅದ್ದಿದ್ರಾ?"

ಯಂತ್ರದ ಮೇಲೆ ನಿಲ್ಲುವಾಗ ಅವನು ಸೊಸೆಯ ಹೆಗಲು ಹಿಡಿದಿದ್ದ. ನರ್ಸಮ್ಮ ಆ ಕೈ ಬಿಡಿಸಿದಳು. ಮುಳ್ಳು ಆಡಿ, ಆಡಿ, ನಿಂತಿತು. ನಲವತ್ತೈದು, ಅದರ ಮೇಲೆ ಕೂದಲೆಳೆಯಷ್ಟು.

"ಹೆಚ್ಚೇನೂ ಏರಿಲ್ಲ. ಆದ್ರೆ ಇಳಿದಿಲ್ಲ," ಎಂದು ಅವಳು ನಕ್ಕಳು. "ನಳಿಕೆ ಬೇಡ. ಹಿಂಗೇ ತಿಂತಾ ಇರಿ."

ಸೊಸೆ ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ನಿಂತು, ಯಾರಿಗೂ ಕಾಣದಂತೆ ಕೈಮುಗಿದಳು. ಯಾರಿಗೆ ಮುಗಿದಳೋ, ಒಲೆಗೋ, ಎಲೆಗೋ, ಎಲೆಯೊಳಗೆ ಬಣ್ಣ ಇಟ್ಟವನಿಗೋ, ಅವಳಿಗೂ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಅಜ್ಜ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡ. ಕೆಂಪು ಹೋಗಿತ್ತು. ಎರಡು ಒಗೆತಕ್ಕೆ ಹೋಗುವ ಬಣ್ಣವೆಂದು ತಾನು ಕೈಬಿಟ್ಟದ್ದೆಲ್ಲ ನೆನಪಾಯಿತೇನೋ.

"ತಾಯಿ," ಎಂದು ಹಿಂದಿನ ಒಲೆಯ ಕಡೆಗೆ ಕೂಗಿದ, "ನಿನ್ನೇದು ನಿಲ್ಲಲಿಲ್ಲ. ಇದನ್ನ ದಿನಾ ಹಾಕಬೇಕು ಕಣಮ್ಮಾ, ಪ್ರಾರ್ಥನೆ ಹಂಗೆ. ಇವತ್ತು ಯಾವ ಬಣ್ಣ?"